ಶಿಲಾಮುದ್ರಣದಿಂದ ಬೆಳ್ಳಿತೆರೆಗೆ: ದಾದಾಸಾಹೇಬ ಫಾಳ್ಕೆಯವರ ಜೀವನ

ದಾದಾಸಾಹೇಬ ಫಾಳ್ಕೆಯವರ ಹೆಸರನ್ನು ಕೇಳದ ವಿದ್ಯಾರ್ಥಿಯು ನಮ್ಮ ಶಾಲೆಯಲ್ಲಿ ಇರಲಾರನು. ನಮ್ಮ ಡಾ. ರಾಜಕುಮಾರರಿಗೆ ೧೯೯೫ನೆಯ ಸಾಲಿನ ಪ್ರಶಸ್ತಿ ದೊರೆತಾಗ ಕನ್ನಡಿಗರೆಲ್ಲರ ಬಾಯಲ್ಲಿಯೂ ಆ ಹೆಸರು ನಲಿದಾಡಿತು. ನಮ್ಮ ಕಡೆಯ ಪತ್ರಿಕೆಗಳಲ್ಲಿ ಅದನ್ನು ಫಾಲ್ಕೆ ಎಂದು ಅಚ್ಚು ಮಾಡುವುದುಂಟು; ಮರಾಠಿಯವರು ಳಕಾರವನ್ನು ಬಿಡರು. ಮಹಾರಾಷ್ಟ್ರದ ನೆಲದಲ್ಲಿ ಕುಳಿತು ಬರೆಯುತ್ತಿರುವುದರಿಂದ ನಾನು ಅವರ ಉಚ್ಚಾರವನ್ನೇ ಅನುಸರಿಸುತ್ತೇನೆ. ಆದರೆ ಬಹುಮಂದಿ ಇದನ್ನು ಒಂದು ಪ್ರಶಸ್ತಿಯ ಹೆಸರೆಂದು ಬಲ್ಲರೇ ಹೊರತು ಒಬ್ಬ ಮನುಷ್ಯನ ಹೆಸರೆಂದು ಬಲ್ಲವರಲ್ಲ. ಆ ಮನುಷ್ಯನಾದರೋ ನಲವತ್ತು ವರ್ಷ ದಾಟುವವರೆಗೆ ಚಲಚ್ಚಿತ್ರದ ಗೋಜಿಗೇ ಹೋದವನಲ್ಲ. ಅದಕ್ಕೆ ಮೊದಲು ಅವರು ಕಾಗದದ ಮೇಲಿನ ಚಿತ್ರವನ್ನು ಕಲ್ಲಿನ ಮೇಲಕ್ಕೆ ಇಳಿಸಿಕೊಡುವ ಕುಶಲಕರ್ಮಿಯಾಗಿದ್ದರು. ಆ ಕೆಲಸ ನಡೆದುದು ನಮಗೆ ದೂರದ ಊರಿನಲ್ಲೇನೂ ಅಲ್ಲ. ರಜೆಯಲ್ಲಿ ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರ್ಗಿಯ ಕಡೆಗೆ ಹೊರಡುವ ನೀವು, ಘಟ್ಟವನ್ನೇರಿ ಹೋಗುವಾಗ ಕಿಟಕಿಯಿಂದ ಕಾಣುವ ಲೋಣಾವಳದಲ್ಲಿ ಅದು ನಡೆಯಿತು.

ಅವರ ಪೂರ್ಣನಾಮ ಧುಂಡಿರಾಜ ಗೋವಿಂದ ಫಾಳ್ಕೆ. ೧೮೭೦ನೆಯ ಇಸವಿ ಏಪ್ರಿಲ್ ೩೦ರಂದು ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ ಜನಿಸಿದರು. ತಂದೆ ದಾಜಿಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ದ್ವಾರಕಾಬಾಯಿ. ತಂದೆಗೆ ಮುಂಬಯಿಯ ಕಾಲೇಜೊಂದರಲ್ಲಿ ಅಧ್ಯಾಪಕ ವೃತ್ತಿ ದೊರೆತುದರಿಂದ ಕುಟುಂಬವು ಆ ನಗರಕ್ಕೆ ಬಂದಿತು. ಪಂಡಿತರ ಮಗನು ವೇದ, ವ್ಯಾಕರಣಗಳನ್ನು ಹಿಡಿಯುವನೆಂದು ನಿರೀಕ್ಷಿಸುವುದು ಸಹಜ. ಬಾಲಕನ ಒಲವು ಮಾತ್ರ ಬಣ್ಣ, ಬೊಂಬೆ, ನಾಟಕಗಳ ಮೇಲೆ. ೧೮೮೫ರಲ್ಲಿ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅನಂತರ ಬಡೋದೆಗೆ ಹೋಗಿ ಅಲ್ಲಿಯ ಕಲಾಭವನದಲ್ಲಿ ತೈಲಚಿತ್ರ, ಜಲವರ್ಣ, ವಾಸ್ತುಶಿಲ್ಪ, ಮೂರ್ತಿರಚನೆಗಳನ್ನು ಅಭ್ಯಾಸ ಮಾಡಿದರು. ಅಲ್ಲಿಯೇ ಒಂದು ಛಾಯಾಚಿತ್ರದ ಪೆಟ್ಟಿಗೆಯನ್ನು ಕೊಂಡು ತಾವಾಗಿಯೇ ಪ್ರಯೋಗಗಳಿಗೆ ತೊಡಗಿದರು. ೧೮೯೨ರಲ್ಲಿ ಅಹಮದಾಬಾದಿನ ಔದ್ಯೋಗಿಕ ಪ್ರದರ್ಶನದಲ್ಲಿ ಅವರು ರಚಿಸಿದ ಆದರ್ಶ ನಾಟಕಶಾಲೆಯ ಮಾದರಿಗೆ ಸುವರ್ಣಪದಕ ದೊರೆಯಿತು.

ಕಲಾಭವನದ ಪ್ರಾಚಾರ್ಯರಾದ ಗಜ್ಜರರು ರಸಾಯನಶಾಸ್ತ್ರಜ್ಞರು. ಈ ಹುಡುಗನ ಕೈಚಳಕವನ್ನು ಗುರುತಿಸಿ, ಮೂರು ಬಣ್ಣದ ಅಚ್ಚಿನ ಬ್ಲಾಕು ಮಾಡುವುದನ್ನೂ ಛಾಯಾಶಿಲಾಮುದ್ರಣವನ್ನೂ ಕಲಿತು ಬರಲೆಂದು ಅವರನ್ನು ರತಲಾಮಿಗೆ ಕಳುಹಿಸಿದರು. ಈ ಒಂದು ಪ್ರಯಾಣವು ಮುಂದಿನ ಜೀವನಕ್ಕೆಲ್ಲ ಬುನಾದಿಯಾಯಿತೆಂದು ನನ್ನ ಭಾವನೆ.

ಬುನಾದಿಯಿದ್ದ ಮಾತ್ರಕ್ಕೆ ಮನೆ ಎದ್ದೀತೆ? ಫಾಳ್ಕೆಯವರು ಗೋಧ್ರಾದಲ್ಲಿ ಛಾಯಾಚಿತ್ರದ ಅಂಗಡಿಯನ್ನು ಇಟ್ಟರು. ಶತಮಾನವು ಮುಗಿಯುವ ವೇಳೆಗೆ ಬಂದೆರಗಿದ ಪ್ಲೇಗು ಅವರ ಮಡದಿಯನ್ನೂ ಮಗುವನ್ನೂ ಕೊಂಡೊಯ್ಯಿತು. ಮತ್ತೆ ಬಡೋದೆಗೆ ಬಂದು ಅದೇ ವೃತ್ತಿಯನ್ನು ಹಿಡಿದರೆ, ಕ್ಯಾಮರಾ ಮನುಷ್ಯನ ಸತ್ತ್ವವನ್ನು ಹೀರಿ ಆಯುಸ್ಸನ್ನು ಕುಂದಿಸುತ್ತದೆಂಬ ಪುಕಾರು ಹಬ್ಬಿ ಗಿರಾಕಿಗಳು ಬರಲೊಲ್ಲದೆ ಹೋದರು. ಕೆಲಕಾಲ ನಾಟಕದ ಪರದೆಗಳಿಗೆ ಬಣ್ಣ ಬಳಿದರು. ಕಾರ್ಲ್ ಹರ್ಟ್ಸ್ ಎಂಬ ವಿದೇಶೀ ಐಂದ್ರಜಾಲಿಕನಿಂದ ಜಾದೂ ಕಲಿತು, ತಮ್ಮ ಮನೆತನದ ಹೆಸರನ್ನೇ ತಿರುಗುಮುರುಗು ಮಾಡಿ ಪ್ರೊಫೆಸರ್ ಕೇಳ್ಫಾ ಎಂದು ಕರೆದುಕೊಂಡು ಪ್ರದರ್ಶನಗಳನ್ನೂ ಕೊಟ್ಟರು. ೧೯೦೨ರಲ್ಲಿ ಅವರ ಎರಡನೆಯ ವಿವಾಹವಾಯಿತು. ವಧು ಗಿರಿಜಾ ಕರಂದೀಕರ. ಮದುವೆಯ ಅನಂತರ ಸರಸ್ವತೀಬಾಯಿ. ಈ ತಾಯಿಯ ಮಾತು ಮುಂದೆ ಬರುತ್ತದೆ. ೧೯೦೩ರಿಂದ ಪುರಾತತ್ತ್ವ ಇಲಾಖೆಯಲ್ಲಿ ಛಾಯಾಚಿತ್ರಗಾರರೂ ನಕಾಶೆಗಾರರೂ ಆಗಿ ದುಡಿದರು. ಸರಕಾರೀ ಸಂಬಳದ ನೌಕರಿ; ಇನ್ನೊಬ್ಬರಾಗಿದ್ದರೆ ಅದನ್ನೇ ಹಿಡಿದು ಪಿಂಚಣಿಯವರೆಗೂ ನಡೆಯುತ್ತಿದ್ದರು. ಫಾಳ್ಕೆಯವರು ೧೯೦೬ರಲ್ಲಿ ರಾಜೀನಾಮೆಯಿತ್ತು ಲೋಣಾವಳಕ್ಕೆ ಬಂದು ಫಾಳ್ಕೆ ಎನ್‌ಗ್ರೇವಿಂಗ್ ಅಂಡ್ ಪ್ರಿಂಟಿಂಗ್ ವರ್ಕ್ಸ್ ಎಂಬ ಕಾರ್ಯಾಲಯವನ್ನು ತೆರೆದರು.

ಲೋಣಾವಳವೇ ಏಕೆ? ಅದರ ಮುಂದಿನ ನಿಲ್ದಾಣವಾದ ಮಳವಲಿಯಲ್ಲಿ ಆಗ ರವಿವರ್ಮ ಮುದ್ರಣಾಲಯವಿದ್ದಿತು. ರಾಜಾ ರವಿವರ್ಮರು ಈ ಮುದ್ರಣಾಲಯವನ್ನು ೧೮೯೪ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ್ದರು; ಅದು ಘಟ್ಟದ ಮೇಲಕ್ಕೆ ಬಂದುದು ಆಮೇಲೆ. ಫಾಳ್ಕೆಯವರು ಬರುವ ವೇಳೆಗೆ ಅದು ಷ್ಲೈಖರ್ ಎಂಬ ಜರ್ಮನ್ ತಂತ್ರಜ್ಞನ ಒಡೆತನಕ್ಕೆ ಹೋಗಿದ್ದರೂ ಹೆಸರು ಮಾತ್ರ ರವಿವರ್ಮರದೇ. ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ, ಇವರ ಬಣ್ಣದ ಪಟಗಳು ಅಲ್ಲಿಂದ ಹೊರಟು ನಮ್ಮ ಕನ್ನಡನಾಡಿನ ದೇವರಮನೆಗಳಿಗೂ ಬಂದವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಕೈಯಿಂದಲೇ ಆದ ತೈಲಚಿತ್ರಗಳನ್ನು ನೋಡಬಹುದು. ಬಡವರ ಮನೆಗೆ ಬಂದುದು ಅಚ್ಚಿನ ಪಟ. ಈ ಪಟಗಳನ್ನು ಓಲಿಯೋಗ್ರಾಫ್ ಎನ್ನುತ್ತಿದ್ದರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಿನಿಂದ ಅಚ್ಚೊತ್ತಿ, ಪದರಿನ ಮೇಲೆ ಪದರಾಗಿ ಬಣ್ಣವೇರಿಸಿ, ಕೊನೆಗೆ ವಾರ್ನಿಷಿನ ಲೇಪವನ್ನು ಕೊಡುತ್ತಿದ್ದರು. ಆ ಲೇಪದಿಂದ ತೈಲಚಿತ್ರದ ಹೊಳಪೂ ಬರುತ್ತಿತ್ತು, ಊದುಬತ್ತಿಯ ಹೊಗೆಯಿಂದ ಬಣ್ಣಕ್ಕೆ ರಕ್ಷಣೆಯೂ ಆಗುತ್ತಿತ್ತು.

ಇಂತಹ ಮುದ್ರಣಾಲಯಕ್ಕೆ ಬೇಕಾದ ಛಾಯಾಶಿಲಾ ವರ್ಗಾವಣೆಯ ಹಾಳೆಗಳನ್ನು ಸಿದ್ಧಪಡಿಸಿ ಕೊಡುವುದೇ ಫಾಳ್ಕೆಯವರ ಉದ್ಯೋಗವಾಯಿತು. ಅದು ಎಂತಹ ಕೆಲಸವೆಂಬುದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಚಿತ್ರವನ್ನು ಸುಲಿದು ಅಂಟಿಸುವುದು ನಿಮಗೆ ಹೊಸದಲ್ಲ. ಚೂಯಿಂಗ್ ಗಮ್ಮಿನ ಜೊತೆಗೆ ಬರುವ ಚೀಟಿಯನ್ನು ಮುಂಗೈ ಮೇಲಿಟ್ಟು ಒದ್ದೆ ಬಟ್ಟೆಯಿಂದ ಒತ್ತಿ, ಕಾಗದವನ್ನು ಮೆಲ್ಲನೆ ಎತ್ತಿದರೆ ಹುಲಿಯೋ ಚಿಟ್ಟೆಯೋ ಚರ್ಮದ ಮೇಲೆ ಉಳಿಯುತ್ತದೆಯಷ್ಟೆ. ಕಾಗದವು ವಾಹನ, ಅದರ ಮೇಲೊಂದು ಅಂಟಿನ ಪೊರೆ, ಪೊರೆಯ ಮೇಲೆ ಚಿತ್ರ. ವಾಹನವನ್ನು ಕಳಚಿದರೂ ಸವಾರನು ಉಳಿಯಬೇಕು. ಫಾಳ್ಕೆಯವರ ಹಾಳೆಯೂ ಇದೇ ಜಾತಿಯದು, ಆದರೆ ಚಿತ್ರವು ಇಳಿಯಬೇಕಾದುದು ಚರ್ಮದ ಮೇಲಲ್ಲ, ನುಣ್ಣಗೆ ಉಜ್ಜಿದ ಸುಣ್ಣಶಿಲೆಯ ಮೇಲೆ.

ಮೊದಲು ಒಳ್ಳೆಯ ಕಾಗದಕ್ಕೆ ಜೆಲಟಿನ್ನನ್ನು, ಎಂದರೆ ಶುದ್ಧಮಾಡಿದ ಸರೇಸನ್ನು, ತೆಳ್ಳಗೆ ಬಳಿಯಬೇಕು. ಅದನ್ನು ಪೊಟ್ಯಾಸಿಯಂ ಬೈಕ್ರೋಮೇಟ್ ದ್ರಾವಣದಲ್ಲಿ ತೋಯಿಸಿ ಕತ್ತಲೆಯಲ್ಲಿ ಒಣಗಿಸಬೇಕು. ಈಗ ಆ ಪೊರೆಗೆ ಬೆಳಕು ಬಿದ್ದರೆ ಗಟ್ಟಿಯಾಗುವ ಗುಣ ಬರುತ್ತದೆ. ಚಿತ್ರದ ನೆಗೆಟಿವನ್ನು ಅದರ ಮೇಲಿಟ್ಟು ಬಿಸಿಲಿಗೆ ಹಿಡಿದರೆ, ಗೆರೆಗಳಿರುವಲ್ಲಿ ಬೆಳಕು ಹಾಯ್ದು ಸರೇಸು ಬಿಗಿಯುತ್ತದೆ. ಉಳಿದೆಡೆ ಮೃದುವಾಗಿಯೇ ಇರುತ್ತದೆ. ಆಮೇಲೆ ಹಾಳೆಯ ತುಂಬ ಜಿಡ್ಡಿನ ಮಸಿಯನ್ನು ಉರುಳೆಯಿಂದ ಸವರಿ ನೀರಿನಲ್ಲಿ ನೆನೆಹಾಕುತ್ತಾರೆ. ಮೃದುವಾದ ಭಾಗವು ನೀರು ಕುಡಿದು ಉಬ್ಬಿ ಮಸಿಯನ್ನು ಬಿಟ್ಟುಕೊಡುತ್ತದೆ. ಬಿಗಿದ ಗೆರೆಗಳ ಮೇಲೆ ಮಾತ್ರ ಮಸಿ ನಿಲ್ಲುತ್ತದೆ. ಆ ಹಾಳೆಯನ್ನು ಕಲ್ಲಿನ ಮೇಲೆ ಬೋರಲಾಗಿ ಹಾಸಿ, ಯಂತ್ರದಲ್ಲಿ ಮತ್ತೆ ಮತ್ತೆ ಒತ್ತಿ, ಬೆನ್ನಿಗೆ ನೀರು ಹಚ್ಚಿ ಕಾಗದವನ್ನು ಸುಲಿದು ತೆಗೆಯಬೇಕು. ಗೆರೆಗಳ ಜಿಡ್ಡು ಕಲ್ಲಿಗೆ ಹತ್ತಿರುತ್ತದೆ. ಜಿಡ್ಡಿಗೂ ನೀರಿಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಆದುದರಿಂದ ಕಲ್ಲನ್ನು ಒದ್ದೆಮಾಡಿ ಮಸಿಯ ಉರುಳೆಯನ್ನು ಹಾಯಿಸಿದಾಗಲೆಲ್ಲ ಗೆರೆಗಳು ಮಾತ್ರ ಮಸಿಯನ್ನು ಹಿಡಿಯುತ್ತವೆ, ಪ್ರತಿಯ ಮೇಲೆ ಪ್ರತಿ ಬರುತ್ತದೆ.

ಇದರಲ್ಲೊಂದು ಉಪಾಯವೂ ಅಡಗಿದೆ. ಕಲ್ಲಿನ ಮೇಲೆ ನೇರವಾಗಿ ಬರೆಯುವ ಕಲಾವಿದನು ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಿಸಿ ಬರೆಯಬೇಕು. ವರ್ಗಾವಣೆಯ ಹಾಳೆಯಲ್ಲಿ ಚಿತ್ರವು ನೇರವಾಗಿರುತ್ತದೆ. ಕಲ್ಲಿಗೆ ಇಳಿದಾಗ ತಿರುವಾಗುತ್ತದೆ. ಅಚ್ಚಾದಾಗ ಪುನಃ ನೇರವಾಗುತ್ತದೆ. ಪೊರೆಯು ತೆಳುವಾದರೆ ಮಸಿ ಸೋರುತ್ತದೆ, ದಪ್ಪವಾದರೆ ಗೆರೆ ಹರಡುತ್ತದೆ. ಮಳೆಗಾಲದ ಲೋಣಾವಳದ ಥಂಡಿಯಲ್ಲಿ ಅದನ್ನು ಒಣಗಿಸುವುದು ಎಷ್ಟು ಕಷ್ಟವಾಗಿದ್ದಿರಬೇಕೆಂದು ಆ ಊರಿನ ಮಳೆಯನ್ನು ಕಂಡವರು ಊಹಿಸಬಲ್ಲರು. ಇಷ್ಟು ಶ್ರಮಪಟ್ಟವನ ಹೆಸರು ಪಟದ ಮೇಲೆ ಎಲ್ಲಿಯೂ ಇರುವುದಿಲ್ಲ. ಲಕ್ಷ್ಮಿಯ ಪಾದದ ಕೆಳಗೆ ಅಚ್ಚಾಗುವುದು ಚಿತ್ರಕಾರನ ಹೆಸರು, ಮುದ್ರಣಾಲಯದ ಹೆಸರು.

ಕೆಲಸ ಹೆಚ್ಚಿತು. ಹಾಫ್‌ಟೋನ್ ಬ್ಲಾಕುಗಳೂ ಮೂರು ಬಣ್ಣದ ಮುದ್ರಣವೂ ಸೇರಿಕೊಂಡವು. ಕಾರ್ಯಾಲಯವು ಮುಂಬಯಿಯ ದಾದರಿಗೆ ಇಳಿಯಿತು. ೧೯೦೮ರಲ್ಲಿ ಪುರುಷೋತ್ತಮ ಮಾವಜಿ ಎಂಬ ಶ್ರೀಮಂತರು ಪಾಲುದಾರರಾಗಿ ಬಂದು, ಸಂಸ್ಥೆಗೆ ಲಕ್ಷ್ಮೀ ಆರ್ಟ್ ಪ್ರಿಂಟಿಂಗ್ ವರ್ಕ್ಸ್ ಎಂದು ಹೊಸ ಹೆಸರಾಯಿತು. ಮರುವರ್ಷ ಫಾಳ್ಕೆಯವರು ಜರ್ಮನಿಗೆ ಹೋಗಿ ಬಣ್ಣದ ಮುದ್ರಣದ ಯಂತ್ರಗಳನ್ನು ತಂದರು. ಸುವರ್ಣಮಾಲಾ ಎಂಬ ಸಚಿತ್ರ ಪತ್ರಿಕೆಯು ಅಲ್ಲಿ ಅಚ್ಚಾಯಿತು. ಕೀರ್ತಿಯೂ ಬಂದಿತು. ಅಷ್ಟರಲ್ಲಿ ಪಾಲುದಾರರೊಡನೆ ಭಿನ್ನಾಭಿಪ್ರಾಯ ಹುಟ್ಟಿತು. ಫಾಳ್ಕೆಯವರು ತಾವೇ ಕಟ್ಟಿ ಬೆಳೆಸಿದ ಮುದ್ರಣಾಲಯವನ್ನು ಬಿಟ್ಟು, ತಮ್ಮ ಪಾಲಿನ ಹಣವನ್ನೂ ಪಡೆಯದೆ ಹೊರಬಂದರು. ಹೆಂಡತಿ ಮಕ್ಕಳಿದ್ದ, ನಲವತ್ತು ವಯಸ್ಸಿನ ಮನುಷ್ಯ. ಇದನ್ನು ಕೆಲವರು ಸ್ವಾಭಿಮಾನವೆಂದು ಕೊಂಡಾಡುತ್ತಾರೆ. ನನಗಾದರೋ ಇದು ಅಷ್ಟು ಸರಳವಾಗಿ ಕಾಣುವುದಿಲ್ಲ. ಮನೆಯ ಒಲೆಯನ್ನು ಹೊತ್ತಿಸಬೇಕಾಗಿದ್ದ ಸರಸ್ವತೀಬಾಯಿಯವರ ದೃಷ್ಟಿಯಿಂದ ನೋಡಿದರೆ ಸ್ವಾಭಿಮಾನಕ್ಕೆ ಬೇರೆಯೇ ಬೆಲೆ ಕಾಣುತ್ತದೆ.

೧೯೧೧ರಲ್ಲಿ ಗಿರಗಾಂವಿನ ಒಂದು ಡೇರೆಯಲ್ಲಿ ಫಾಳ್ಕೆಯವರು ಯೇಸುಕ್ರಿಸ್ತನ ಚರಿತ್ರೆಯ ಮೂಕಚಿತ್ರವನ್ನು ನೋಡಿದರು. ನೋಡುತ್ತಿದ್ದಂತೆಯೇ ಅವರ ಮನಸ್ಸಿನಲ್ಲಿ ರಾಮ, ಕೃಷ್ಣರು ತೆರೆಯ ಮೇಲೆ ನಡೆಯತೊಡಗಿದರು. ಇದನ್ನು ದೈವಪ್ರೇರಣೆಯೆಂದು ವರ್ಣಿಸುವವರಿದ್ದಾರೆ. ಆದರೆ ಆ ಡೇರೆಯಲ್ಲಿ ಕುಳಿತಿದ್ದ ನೂರಾರು ಜನರ ಪೈಕಿ ಅವರಿಗೆ ಮಾತ್ರ ಹಾಗೆ ಅನಿಸಿದುದಕ್ಕೆ ಕಾರಣ ಸ್ಪಷ್ಟವಾಗಿದೆ. ಫಿಲ್ಮು ಎಂದರೇನು? ಒಂದು ಪಾರದರ್ಶಕ ಪಟ್ಟಿ, ಅದರ ಮೇಲೆ ಜೆಲಟಿನ್ನಿನ ಪೊರೆ, ಆ ಪೊರೆಯಲ್ಲಿ ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣ. ಸರೇಸು, ಕತ್ತಲೆಕೋಣೆ, ನೆಗೆಟಿವ್, ನೀರಿನ ತೊಟ್ಟಿ, ಎಲ್ಲವೂ ರತಲಾಮಿನಿಂದ ಲೋಣಾವಳದವರೆಗೆ ಅವರ ಕೈಗೆ ಪಳಗಿದ್ದ ವಸ್ತುಗಳೇ. ಕೋಡಕ್ ಸಂಸ್ಥೆಯ ಸ್ಥಾಪಕನಾದ ಅಮೆರಿಕದ ಜಾರ್ಜ್ ಈಸ್ಟ್‌ಮನ್ ೧೮೮೫ರಲ್ಲಿ ಮಾರಾಟಕ್ಕೆ ತಂದ ಮೊದಲ ಫಿಲ್ಮು ಕೂಡ ಸುಲಿಯುವ ಫಿಲ್ಮೇ ಆಗಿತ್ತು: ಕಾಗದದ ಮೇಲೆ ಕರಗುವ ಸರೇಸಿನ ಪದರು, ಅದರ ಮೇಲೆ ಚಿತ್ರದ ಪೊರೆ; ಚಿತ್ರ ಮೂಡಿದ ಮೇಲೆ ಬಿಸಿನೀರಿನಿಂದ ಕಾಗದವನ್ನು ಕಳಚಿ ಪೊರೆಯನ್ನು ಪಾರದರ್ಶಕ ಆಧಾರಕ್ಕೆ ವರ್ಗಾಯಿಸಬೇಕಾಗುತ್ತಿತ್ತು. ೧೮೮೯ರಲ್ಲಿ ಸೆಲ್ಯುಲಾಯ್ಡ್ ಪಟ್ಟಿ ಬಂದ ಮೇಲೆ ಆ ತೊಡಕು ತಪ್ಪಿತು; ಪಟ್ಟಿ ಓಡತೊಡಗಿತು, ಚಿತ್ರ ಚಲಿಸತೊಡಗಿತು.

ಮುಂದಿನ ತಿಂಗಳುಗಳಲ್ಲಿ ಫಾಳ್ಕೆಯವರು ಸಿಕ್ಕಿದ ಚಿತ್ರಗಳನ್ನೆಲ್ಲ ದಿನವೂ ಗಂಟೆಗಟ್ಟಲೆ ನೋಡಿದರು, ರಾತ್ರಿ ನಿದ್ದೆಗೆಟ್ಟು ಪ್ರಯೋಗ ಮಾಡಿದರು. ಕಣ್ಣುಗಳು ಸೋತು ದೃಷ್ಟಿಯೇ ಹೋಗುವಂತಾಯಿತು. ಡಾ. ಪ್ರಭಾಕರ ಎಂಬ ನೇತ್ರವೈದ್ಯರು ಚಿಕಿತ್ಸೆಮಾಡಿ, ಒಂದಲ್ಲ ಎಂದು ಮೂರು ನಾಲ್ಕು ಕನ್ನಡಕಗಳ ಸಹಾಯದಿಂದ ಕಾಣುವಂತೆ ಮಾಡಿದರು. ಕಣ್ಣು ಬಂದೊಡನೆ ಮತ್ತೆ ಅದೇ ಕೆಲಸ. ಜೀವವಿಮೆಯ ಪಾಲಿಸಿಗಳನ್ನು ಒತ್ತೆಯಿಟ್ಟು ಹತ್ತು ಸಾವಿರ ರೂಪಾಯಿ ಸಾಲ ಎತ್ತಿ ೧೯೧೨ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹೊರಟರು. ಅಲ್ಲಿ ಬಯೋಸ್ಕೋಪ್ ಪತ್ರಿಕೆಯ ಸಂಪಾದಕ ಕೇಬರ್ನ್ ಮೊದಲು ಈ ಸಾಹಸ ಬೇಡವೆಂದರೂ ಆಮೇಲೆ ಇವರ ನಿಷ್ಠೆಗೆ ಮೆಚ್ಚಿ, ಸೆಸಿಲ್ ಹೆಪ್‌ವರ್ತ್ ಎಂಬ ನಿರ್ಮಾಪಕರ ಪರಿಚಯ ಮಾಡಿಸಿದರು. ಹೆಪ್‌ವರ್ತರು ತಮ್ಮ ಚಿತ್ರಶಾಲೆಯ ಒಂದೊಂದು ವಿಭಾಗವನ್ನೂ ತೋರಿಸಿಕೊಟ್ಟರು. ಐವತ್ತು ಪೌಂಡಿನ ವಿಲಿಯಂಸನ್ ಕ್ಯಾಮರಾ, ಕೋಡಕ್ ಫಿಲ್ಮು, ಅಂಚಿಗೆ ರಂಧ್ರ ಕೊರೆಯುವ ಯಂತ್ರ, ಇವುಗಳನ್ನು ಗೊತ್ತುಮಾಡಿ ಏಪ್ರಿಲಿನಲ್ಲಿ ಹಿಂತಿರುಗಿದರು.

ಹಣ ಹೂಡುವವರಿಗೆ ನಂಬಿಕೆ ಬರಬೇಕಾಗಿತ್ತು. ಫಾಳ್ಕೆಯವರು ಒಂದು ಕುಂಡದಲ್ಲಿ ಬಟಾಣಿಯನ್ನು ಬಿತ್ತಿ, ಅದು ಮೊಳೆತು ಬಳ್ಳಿಯಾಗುವುದನ್ನು ದಿನಕ್ಕಿಷ್ಟರಂತೆ ತಿಂಗಳುಗಟ್ಟಲೆ ಚಿತ್ರಿಸಿದರು. ತೆರೆಯ ಮೇಲೆ ಅದು ಸುಮಾರು ಒಂದು ನಿಮಿಷದಲ್ಲಿ ಬೆಳೆದು ನಿಂತಿತು. ಸಾಲ ಸಿಕ್ಕಿತು.

ಇನ್ನು ಸರಸ್ವತೀಬಾಯಿಯವರ ವಿಷಯ. ದಾದರಿನ ಮನೆಯೇ ಚಿತ್ರಶಾಲೆಯಾಯಿತು. ಕಚ್ಚಾ ಫಿಲ್ಮಿಗೆ ಅಂಚಿನ ರಂಧ್ರಗಳಿರಲಿಲ್ಲ. ಕಗ್ಗತ್ತಲೆಯಲ್ಲಿ, ಕೈಯ ಸ್ಪರ್ಶವೊಂದನ್ನೇ ನಂಬಿ, ಅವುಗಳನ್ನು ಕೊರೆಯುವುದನ್ನು ಆಕೆ ಕಲಿತರು. ರಾಸಾಯನಿಕಗಳನ್ನು ಬೆರೆಸುವುದನ್ನೂ ಫಿಲ್ಮನ್ನು ತೊಳೆಯುವುದನ್ನೂ ಕಲಿತರು. ಹಗಲು ಅರುವತ್ತು ಎಪ್ಪತ್ತು ಮಂದಿಗೆ ಅಡುಗೆ. ಚಿತ್ರೀಕರಣದ ವೇಳೆ ಬಿಸಿಲನ್ನು ನಟರ ಮುಖಕ್ಕೆ ತಿರುಗಿಸಲು ಬಿಳಿಯ ಬಟ್ಟೆಯನ್ನು ಹಿಡಿದು ನಿಲ್ಲುವುದು. ಮೈಮೇಲಿನ ಒಡವೆಗಳೂ ಒತ್ತೆಗೆ ಹೋದವು. ಭಾರತದ ಚಲಚ್ಚಿತ್ರಕ್ಕೆ ಜನಕರು ಒಬ್ಬರೆಂದು ಹೇಳುವ ಪುಸ್ತಕಗಳು ಜನನಿಯ ಮಾತನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಸರಿಯೆನಿಸುವುದಿಲ್ಲ.

ಕಥೆ ಹರಿಶ್ಚಂದ್ರನದು. ಹರಿಶ್ಚಂದ್ರನ ಪಾತ್ರಕ್ಕೆ ದಾಬಕೆ ಎಂಬ ನಟರು ದೊರೆತರು. ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಒಪ್ಪಲಿಲ್ಲ; ಆ ಕಾಲದಲ್ಲಿ ಅದು ಮಾನವಂತರ ಕೆಲಸವಲ್ಲವೆಂಬ ಭಾವನೆ. ಕೊನೆಗೆ ಉಪಾಹಾರಗೃಹವೊಂದರಲ್ಲಿ ಅಡುಗೆಯವನಾಗಿದ್ದ ಸಾಳುಂಕೆ ಎಂಬ ತೆಳ್ಳನೆಯ ಯುವಕನು ಸೀರೆಯುಟ್ಟು ತಾರಾಮತಿಯಾದನು. ಫಾಳ್ಕೆಯವರ ಹಿರಿಯ ಮಗ ಭಾಲಚಂದ್ರನೇ ರಾಜಕುಮಾರನಾದನು. ಸುಮಾರು ಏಳು ತಿಂಗಳಿನ ದುಡಿಮೆಯಿಂದ ೩,೭೦೦ ಅಡಿ ಉದ್ದದ ನಾಲ್ಕು ಸುರುಳಿಗಳ ರಾಜಾ ಹರಿಶ್ಚಂದ್ರ ಸಿದ್ಧವಾಗಿ, ೧೯೧೩ರ ಮೇ ೩ರಂದು ಗಿರಗಾಂವಿನ ಕಾರೋನೇಷನ್ ಚಿತ್ರಮಂದಿರದಲ್ಲಿ ಸಾರ್ವಜನಿಕರಿಗೆ ತೋರಿಸಲ್ಪಟ್ಟಿತು. ಹಿಂದಿನ ವರ್ಷ ಅದೇ ಚಿತ್ರಮಂದಿರದಲ್ಲಿ ತೋರಣೆಯವರ ಪುಂಡಲೀಕ ಬಂದಿದ್ದುದನ್ನೂ ನ್ಯಾಯವಾಗಿ ಹೇಳಬೇಕು. ಅದು ರಂಗದ ಮೇಲಿನ ನಾಟಕವನ್ನು ಕ್ಯಾಮರಾದಲ್ಲಿ ಹಿಡಿದುದಾಗಿತ್ತು. ಚಿತ್ರಕ್ಕೆಂದೇ ರಚಿತವಾದ ಪೂರ್ಣ ಕಥಾಚಿತ್ರದ ಮನ್ನಣೆ ಹರಿಶ್ಚಂದ್ರನಿಗೆ ಸಂದಿತು. ಇದೇ ಕಥೆಯಲ್ಲಿ ೧೯೬೫ರಲ್ಲಿ ರಾಜಕುಮಾರರು ಸತ್ಯ ಹರಿಶ್ಚಂದ್ರನಾಗಿ ಅಭಿನಯಿಸಿದುದನ್ನು ನಿಮ್ಮ ಅಜ್ಜ ಅಜ್ಜಿಯರು ನೆನಪಿಸಿಕೊಂಡಾರು.

ಆಮೇಲಿನ ಕಥೆಯನ್ನು ಬೇಗ ಹೇಳಿಬಿಡಬಹುದು. ಫಾಳ್ಕೆಯವರು ನಾಸಿಕಕ್ಕೆ ಹೋಗಿ ನೆಲೆಸಿದರು. ೧೯೧೩ರ ಮೋಹಿನೀ ಭಸ್ಮಾಸುರದಲ್ಲಿ ದುರ್ಗಾಬಾಯಿ ಮತ್ತು ಅವರ ಮಗಳು ಕಮಲಾಬಾಯಿ ಪಾತ್ರವಹಿಸಿ, ಸ್ತ್ರೀಯರಿಗೆ ದಾರಿ ತೆರೆದರು. ೧೯೧೭ರ ಲಂಕಾದಹನದಲ್ಲಿ ಸಾಳುಂಕೆಯೊಬ್ಬನೇ ರಾಮನೂ ಸೀತೆಯೂ ಆದನು. ೧೯೧೯ರ ಕಾಲಿಯಮರ್ದನದಲ್ಲಿ ಮಗಳು ಮಂದಾಕಿನಿ ಬಾಲಕೃಷ್ಣಳಾದಳು. ಒಂದೇ ಫಿಲ್ಮಿನ ಪೊರೆಗೆ ಎರಡು ಸಲ ಬೆಳಕನ್ನು ಕೊಟ್ಟು ದೇವರನ್ನು ಮಾಯಮಾಡುವ, ಪ್ರತ್ಯಕ್ಷಮಾಡುವ ತಂತ್ರಗಳಲ್ಲಿ ಹಳೆಯ ಪ್ರೊಫೆಸರ್ ಕೇಳ್ಫಾ ಮತ್ತೆ ಕಾಣಿಸಿಕೊಂಡನು. ಹಣವೂ ಬಂದಿತು, ಮತ್ತೆ ಪಾಲುದಾರರೂ ಬಂದರು. ೧೯೧೮ರಲ್ಲಿ ಹಿಂದುಸ್ಥಾನ್ ಸಿನಿಮಾ ಫಿಲ್ಮ್ಸ್ ಕಂಪನಿ ಸ್ಥಾಪಿತವಾಯಿತು. ಲಕ್ಷ್ಮೀ ಮುದ್ರಣಾಲಯದ ಕಥೆಯೇ ಪುನಃ ನಡೆದು, ಫಾಳ್ಕೆಯವರು ಬೇಸತ್ತು ಕಾಶಿಗೆ ಹೋದರು. ಮರಳಿ ಬಂದರೂ ಮೊದಲಿನ ಹಿಡಿತವಿರಲಿಲ್ಲ. ೧೯೩೧ರಲ್ಲಿ ಮಾತನಾಡುವ ಚಿತ್ರ ಬಂದಿತು. ಕೊಲ್ಹಾಪುರದ ಸಂಸ್ಥೆಯೊಂದಕ್ಕಾಗಿ ೧೯೩೭ರಲ್ಲಿ ಗಂಗಾವತರಣವನ್ನು ನಿರ್ದೇಶಿಸಿದರು, ಅದೇ ಕೊನೆಯದು. ೧೯೪೪ರ ಫೆಬ್ರವರಿ ೧೬ರಂದು ನಾಸಿಕದಲ್ಲಿ ತೀರಿಕೊಂಡರು. ಭಾರತ ಸರಕಾರವು ಅವರ ಹೆಸರಿನ ಪ್ರಶಸ್ತಿಯನ್ನು ಏರ್ಪಡಿಸಿದುದು ೧೯೬೯ರಲ್ಲಿ. ಈಗ ಗೋರೆಗಾಂವಿನ ಚಿತ್ರನಗರಿಗೆ ಅವರ ಹೆಸರಿದೆ. ದಾದರಿನಲ್ಲಿ ಅವರ ಹೆಸರಿನ ರಸ್ತೆಯಿದೆ.

ಚಿತ್ರಗಳ ಗತಿ ಏನಾಯಿತು? ಆ ಕಾಲದ ನೈಟ್ರೇಟ್ ಫಿಲ್ಮು ಬೇಗ ಬೆಂಕಿ ಹಿಡಿಯುವಂಥದು. ಸುಮ್ಮನೆ ಇಟ್ಟರೂ ಕೊಳೆಯುತ್ತದೆ. ಸರೇಸಿನ ಪೊರೆಯು ಮೆತ್ತಗಾಗಿ ಒಂದಕ್ಕೊಂದು ಅಂಟಿ, ಚಿತ್ರಸಮೇತ ಪಟ್ಟಿಯಿಂದ ಕಳಚಿಕೊಳ್ಳುತ್ತದೆ. ಫಾಳ್ಕೆಯವರು ತಯಾರಿಸಿದ ಚಿತ್ರಗಳಲ್ಲಿ ಬಹುಪಾಲು ಹೀಗೆ ಹೋದವು. ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯದ ಪಿ. ಕೆ. ನಾಯರ್ ಅವರು ಫಾಳ್ಕೆ ಕುಟುಂಬದವರನ್ನು ಕಂಡು, ಅಳಿದುಳಿದ ತುಣುಕುಗಳನ್ನು ಸಂಗ್ರಹಿಸಿ ರಕ್ಷಿಸಿದರು. ರಾಜಾ ಹರಿಶ್ಚಂದ್ರದ ಮೊದಲನೆಯ ಮತ್ತು ಕೊನೆಯ ಸುರುಳಿಗಳು ಅಲ್ಲಿವೆ. ಅವು ೧೯೧೭ರಲ್ಲಿ ಫಾಳ್ಕೆಯವರು ಪುನಃ ತೆಗೆದ ಪ್ರತಿಯವೆಂದು ಹಲವು ಸಂಶೋಧಕರು ಹೇಳುತ್ತಾರೆ. ಚಿತ್ರ ತಯಾರಿಸುವ ಬಗೆಯನ್ನು ಜನರಿಗೆ ತಿಳಿಸಲೆಂದು ಅದೇ ಕಾಲದಲ್ಲಿ ಮಾಡಿದ ಒಂದು ಕಿರುಚಿತ್ರದ ತುಣುಕೂ ಉಳಿದಿದೆ. ಅದರಲ್ಲಿ ದಾದಾಸಾಹೇಬರು ತಾವೇ ಕಾಣುತ್ತಾರೆ, ಕೈಯಲ್ಲಿ ಫಿಲ್ಮಿನ ಪಟ್ಟಿಯನ್ನು ಹಿಡಿದು ಕೆಲಸಮಾಡುತ್ತಿದ್ದಾರೆ.